ಅರ್ಥವಾಗದ ಮಾತಿನ ಮರ್ಯಾದೆ

ಒಂದು ಸಲ ಹೇಳಿದ ಕಥೆಯನ್ನು ಇನ್ನೊಂದು ಸಲ ಹೇಳುವುದು ನಮ್ಮ ಸಾಹಿತ್ಯದಲ್ಲಿ ಎಂದೂ ಅಪರಾಧವೆನಿಸಿರಲಿಲ್ಲ. ಕ್ರಿ.ಶ. 941ರ ಸುಮಾರಿಗೆ ಪಂಪ ವ್ಯಾಸಭಾರತವನ್ನು ಎತ್ತಿಕೊಂಡು ದ್ರೌಪದಿಯನ್ನು ಅರ್ಜುನನೊಬ್ಬನ ಮಡದಿಯನ್ನಾಗಿ ಮಾಡಿದ. ಕೊನೆಯ ಪಟ್ಟಾಭಿಷೇಕವನ್ನೂ ಧರ್ಮರಾಯನಿಂದ ಕಿತ್ತು ಅರ್ಜುನನಿಗೇ ಕೊಟ್ಟ. ಮೂಲಕ್ಕೆ ದ್ರೋಹವಾಯಿತೆಂದು ಯಾರೂ ಅವನನ್ನು ಕವಿಗಳ ಪಂಕ್ತಿಯಿಂದ ಎಬ್ಬಿಸಲಿಲ್ಲ. ನಮಗೆ ಹತ್ತಿರದ ಕಾಲದಲ್ಲಿ ಬಿ.ಎಂ.ಶ್ರೀಕಂಠಯ್ಯನವರು ಸಾಫೊಕ್ಲಿಸನ ಏಜಾಕ್ಸ್ ನಾಟಕವನ್ನು 1929ರಲ್ಲಿ 'ಅಶ್ವತ್ಥಾಮನ್' ಆಗಿ ಕನ್ನಡಕ್ಕೆ ತಂದರು. ಕುವೆಂಪು ಅವರ 'ಬಿರುಗಾಳಿ', 'ರಕ್ತಾಕ್ಷಿ'ಗಳ ಹಿಂದೆ ಷೇಕ್ಸ್‌ಪಿಯರ್ ನಿಂತಿರುವುದು ಎಲ್ಲರಿಗೂ ಗೊತ್ತು. ಇಂಥ ಕೆಲಸಕ್ಕೆ ನಮ್ಮ ಹಿರಿಯರು 'ರೂಪಾಂತರ' ಎಂಬ ಗೌರವದ ಹೆಸರನ್ನೇ ಇಟ್ಟಿದ್ದರು.

ಅದೇ ಕೆಲಸವನ್ನು ಬೆಳ್ಳಿತೆರೆಯವರು ಮಾಡಿದಾಗ ಮಾತ್ರ ನಾವು 'ರಿಮೇಕ್' ಎಂದು ಮೂಗು ಮುರಿಯುತ್ತೇವೆ. ಅದಕ್ಕೆ ಕಾರಣವಿಲ್ಲದೆ ಇಲ್ಲ. ಪಕ್ಕದ ಮನೆಯಲ್ಲಿ ಕುದಿದ ಸಾರನ್ನು ತಂದು, ಒಗ್ಗರಣೆಯನ್ನೂ ಬದಲಾಯಿಸದೆ, ನಮ್ಮ ಎಲೆಗೆ ಬಡಿಸಿದ ಚಿತ್ರಗಳು ಒಂದೆರಡಲ್ಲ. ಈಗ ಸಂಜೆ ಆರಕ್ಕೆ ಟೆಲಿವಿಷನ್ ಹಾಕಿದರೆ ಮರಾಠಿಯ ಅತ್ತೆ, ತೆಲುಗಿನ ಸೊಸೆ, ಹಿಂದಿಯ ಮನೆಯಜಮಾನ ಎಲ್ಲರೂ ಕನ್ನಡದ ಹೆಸರು ಹೊತ್ತು ಒಬ್ಬರ ಹಿಂದೊಬ್ಬರಂತೆ ಬರುತ್ತಾರೆ. ಆದರೂ ರಿಮೇಕ್ ಎಂಬ ಒಂದೇ ಕಾರಣದಿಂದ ಯಾವುದನ್ನೂ ತಳ್ಳಿಹಾಕುವುದು ವಿಮರ್ಶೆಯಲ್ಲ. ಎರಡನೆಯ ಸಲ ಕಥೆ ಹೇಳುವವನನ್ನು ಕೇಳಬೇಕಾದ ಪ್ರಶ್ನೆ ಒಂದೇ ಎಂದು ನನಗೆ ತೋರುತ್ತದೆ: ಅಯ್ಯಾ, ಮೊದಲಿನವನ ಕಿವಿಗೆ ಬೀಳದ ಯಾವ ಮಾತು ನಿನ್ನ ಕಿವಿಗೆ ಬಿತ್ತು?

ಈ ಪ್ರಶ್ನೆಗೆ ಬಹಳ ಸ್ಪಷ್ಟವಾದ ಉತ್ತರ ಕೊಟ್ಟ ಒಂದು ಟೆಲಿವಿಷನ್ ರೂಪಾಂತರವನ್ನೂ, ಈಚಿನ ಕೆಲವು ಕನ್ನಡ ಚಿತ್ರಗಳನ್ನೂ ಒಟ್ಟಿಗೆ ಇಟ್ಟು ನೋಡುವುದು ಈ ಲೇಖನದ ಉದ್ದೇಶ. ಜಪಾನಿಗೂ ಕರಾವಳಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸ್ವಲ್ಪ ತಾಳ್ಮೆ ತಂದುಕೊಂಡರೆ ಸಂಬಂಧ ತಾನಾಗಿಯೇ ಕಂಡೀತು.

ಜೇಮ್ಸ್ ಕ್ಲಾವೆಲ್ ಎಂಬಾತನ 'ಶೋಗನ್' ಎಂಬ ದಪ್ಪ ಕಾದಂಬರಿ 1975ರಲ್ಲಿ ಪ್ರಕಟವಾಯಿತು. ಕ್ರಿ.ಶ. 1600ರಲ್ಲಿ ಹಡಗು ಕೆಟ್ಟು ಜಪಾನಿನ ದಡ ಸೇರಿದ ಬ್ಲ್ಯಾಕ್‌ಥಾರ್ನ್ ಎಂಬ ಇಂಗ್ಲಿಷ್ ನಾವಿಕ. ಶತ್ರುಗಳ ನಡುವೆ ಸಿಕ್ಕಿಕೊಂಡಿದ್ದರೂ ಎಲ್ಲರಿಗಿಂತ ದೂರ ಕಾಣುವ ಪ್ರಭು ತೋರನಾಗ. ಇವರಿಬ್ಬರ ನಡುವೆ ದುಭಾಷಿಯಾಗಿ ನಿಲ್ಲುವ ಮರಿಕೊ ಎಂಬ ಕುಲೀನ ಸ್ತ್ರೀ. ಈ ಮೂವರ ಸುತ್ತ ಕಥೆ ಸುತ್ತುತ್ತದೆ. ಚರಿತ್ರೆಯಲ್ಲಿ ಆಗಿಹೋದ ವಿಲಿಯಂ ಆಡಮ್ಸ್, ತೊಕುಗಾವ ಇಯೆಯಾಸು, ಹೊಸೊಕಾವ ಗ್ರೇಸಿಯಾ ಇವರೇ ಈ ಪಾತ್ರಗಳಿಗೆ ಮಾದರಿ.

ಅಮೆರಿಕದ ಎನ್‌ಬಿಸಿ ಸಂಸ್ಥೆ 1980ರ ಸೆಪ್ಟೆಂಬರಿನಲ್ಲಿ ಇದನ್ನು ಐದು ರಾತ್ರಿಗಳ ಧಾರಾವಾಹಿಯಾಗಿ ತೋರಿಸಿತು. ರಿಚರ್ಡ್ ಚೇಂಬರ್ಲೇನ್ ನಾವಿಕನಾಗಿ, ತೊಶಿರೊ ಮಿಫುನೆ ತೋರನಾಗನಾಗಿ, ಯೊಕೊ ಶಿಮಾದಾ ಮರಿಕೊ ಆಗಿ ಅಭಿನಯಿಸಿದರು. ಕುರೊಸಾವಾನ ಚಿತ್ರಗಳಲ್ಲಿ ಮಿಫುನೆಯನ್ನು ಕಂಡವರು ಆ ಹೆಸರನ್ನು ಮರೆಯಲಾರರು. ಆದರೆ ಈ ಧಾರಾವಾಹಿಯಲ್ಲಿ ಆ ಮಹಾನಟನ ಗತಿ ಏನಾಯಿತೆಂಬುದನ್ನು ನೋಡಿ. ಆತ ಆಡುವ ಮಾತೆಲ್ಲ ಜಪಾನೀ ಭಾಷೆಯಲ್ಲಿ. ಆ ಮಾತಿಗೆ ತೆರೆಯ ಕೆಳಗೆ ಅಡಿಬರಹವಿಲ್ಲ. ದುಭಾಷಿ ತಿಳಿಸಿದಷ್ಟು, ಇಲ್ಲವೆ ಆರ್ಸನ್ ವೆಲ್ಸ್‌ನ ಹಿನ್ನೆಲೆ ಕಂಠ ವಿವರಿಸಿದಷ್ಟು ಮಾತ್ರ ಪ್ರೇಕ್ಷಕನಿಗೆ ದಕ್ಕುತ್ತದೆ. ನಾವಿಕನಿಗೆ ತಿಳಿಯದ್ದು ಪ್ರೇಕ್ಷಕನಿಗೂ ತಿಳಿಯಕೂಡದು, ಅವನ ದಿಗ್ಭ್ರಮೆ ನಮ್ಮದೂ ಆಗಬೇಕು ಎಂಬುದು ಮಾಡಿದವರ ಯೋಚನೆ.

ಈ ಯೋಚನೆಯಲ್ಲಿ ಜಾಣತನವಿದೆ, ಅಲ್ಲವೆನ್ನಲಾಗದು. ಮೊದಲಿನ ಒಂದೆರಡು ಗಂಟೆಗಳ ಕಾಲ ಅದು ಪರಿಣಾಮಕಾರಿಯಾಗಿಯೂ ಇದೆ. ಕಥೆ ಮುಂದೆ ಸಾಗಿದಂತೆ ಬೇರೆಯೇ ಒಂದು ಸಂಗತಿ ನಡೆಯುತ್ತದೆ. ತಮ್ಮ ನೆಲದಲ್ಲಿ, ತಮ್ಮ ಮನೆಯಲ್ಲಿ, ತಮ್ಮ ಪ್ರಾಣವನ್ನು ಕುರಿತು ಮಾತಾಡುತ್ತಿರುವ ಜನ ನಮಗೆ ಬರಿಯ ಸದ್ದಾಗಿಬಿಡುತ್ತಾರೆ. ಗದರುವ ಸದ್ದು, ಬಾಗುವ ಸದ್ದು, ಕತ್ತಿ ಹಿರಿಯುವ ಸದ್ದು. ಹೊರಗಿನಿಂದ ಬಂದ ಒಬ್ಬನೇ ಮನುಷ್ಯ. ಉಳಿದವರೆಲ್ಲ ಅವನಿಗೆ ಎದುರಾದ ವಿಚಿತ್ರಗಳು. ಇಡೀ ಧಾರಾವಾಹಿಯನ್ನು ಜಪಾನಿನಲ್ಲಿಯೇ ಚಿತ್ರಿಸಿದ್ದರು. ಜಪಾನಿನ ಮಾತು ಮಾತ್ರ ಅವರಿಗೆ ಬೇಕಿರಲಿಲ್ಲ.

ಎಫ್‌ಎಕ್ಸ್ ಸಂಸ್ಥೆಗಾಗಿ ರೇಚಲ್ ಕೊಂಡೊ ಮತ್ತು ಜಸ್ಟಿನ್ ಮಾರ್ಕ್ಸ್ ದಂಪತಿಗಳು ರೂಪಿಸಿದ ಹೊಸ 'ಶೋಗನ್' 2024ರ ಫೆಬ್ರವರಿಯಲ್ಲಿ ಆರಂಭವಾಗಿ ಹತ್ತು ಕಂತುಗಳಲ್ಲಿ ಮುಗಿಯಿತು. ವಿಚಿತ್ರವೆಂದರೆ ಇದನ್ನು ಬಹುಪಾಲು ಚಿತ್ರಿಸಿದ್ದು ಕೆನಡಾ ದೇಶದಲ್ಲಿ. ಕಡಲು ಜಪಾನಿನದಲ್ಲ, ಕಾಡು ಜಪಾನಿನದಲ್ಲ, ಮಾತು ಜಪಾನಿನದು. ಸಂಭಾಷಣೆಯ ಸುಮಾರು 70 ಪಾಲು ಜಪಾನೀ ಭಾಷೆಯಲ್ಲಿದೆ, ಪ್ರತಿಯೊಂದು ಮಾತಿಗೂ ಅಡಿಬರಹವಿದೆ. ಇಂಗ್ಲಿಷಿನಲ್ಲಿ ಬರೆದ ಸಂಭಾಷಣೆಯನ್ನು ಜಪಾನಿಗೆ ಕಳುಹಿಸಿ ಅನುವಾದ ಮಾಡಿಸಿ, ಆ ಅನುವಾದವನ್ನು ಐತಿಹಾಸಿಕ ನಾಟಕಗಳಲ್ಲಿ ನುರಿತ ಲೇಖಕಿಯೊಬ್ಬರಿಂದ ಹಳೆಯ ಕಾಲದ ಆಸ್ಥಾನದ ನುಡಿಗೆ ತಿದ್ದಿಸಿ, ಆಮೇಲೆ ಆ ತಿದ್ದಿದ ನುಡಿಯಿಂದ ಮತ್ತೆ ಇಂಗ್ಲಿಷ್ ಅಡಿಬರಹವನ್ನು ಸಿದ್ಧಪಡಿಸಿದರಂತೆ. ಒಂದು ಮಾತಿಗೆ ಇಷ್ಟು ಪ್ರಯಾಣ! ನಮ್ಮಲ್ಲಿ ಚಿತ್ರೀಕರಣದ ಬೆಳಗ್ಗೆ ಮರದ ನೆರಳಿನಲ್ಲಿ ಸಂಭಾಷಣೆ ಬರೆದುಕೊಡುವವರು ಇದನ್ನು ಕೇಳಿ ನಕ್ಕಾರು. ತೋರನಾಗನಾಗಿ ನಟಿಸಿದ ಹಿರೊಯುಕಿ ಸನಾದಾ ನಿರ್ಮಾಪಕರಲ್ಲೊಬ್ಬನಾಗಿಯೂ ನಿಂತು ಈ ಶ್ರಮವನ್ನು ಕಾಪಾಡಿದ. ಆ ವರ್ಷದ ಎಮಿ ಬಹುಮಾನಗಳಲ್ಲಿ 18 ಇದಕ್ಕೆ ಸಂದವು. ಒಂದೇ ವರ್ಷದಲ್ಲಿ ಯಾವ ಧಾರಾವಾಹಿಗೂ ಅಷ್ಟು ಬಂದಿರಲಿಲ್ಲ. ಬಹುಮಾನ ಬಂದದ್ದರಿಂದಲೇ ಒಂದು ಕೃತಿ ದೊಡ್ಡದಾಗುವುದಿಲ್ಲ. ಆದರೆ ಅಡಿಬರಹ ಓದುವ ತೊಂದರೆಯನ್ನು ಪ್ರೇಕ್ಷಕ ತೆಗೆದುಕೊಳ್ಳುವುದಿಲ್ಲವೆಂದು ಸಾಧಿಸುತ್ತಿದ್ದ ವ್ಯಾಪಾರಿಗಳ ಬಾಯಿ ಇದರಿಂದ ಸ್ವಲ್ಪ ಮಟ್ಟಿಗೆ ಮುಚ್ಚಿರಬೇಕು.

ಎರಡೂ ಕಡೆಯ ಮಾತು ಪ್ರೇಕ್ಷಕನಿಗೆ ತಿಳಿಯುವುದರಿಂದ ಆದ ಲಾಭವೇನು? ದುಭಾಷಿಯ ಕೆಲಸವೇ ನಾಟಕವಾಯಿತು. ನಾವಿಕ ಒರಟಾಗಿ ಏನನ್ನೋ ಒದರುತ್ತಾನೆ; ಮರಿಕೊ ಅದನ್ನು ಮೆತ್ತಗೆ ಮಾಡಿ ಪ್ರಭುವಿಗೆ ತಿಳಿಸುತ್ತಾಳೆ. ಅವಳು ಬಿಟ್ಟದ್ದೇನು, ಸೇರಿಸಿದ್ದೇನು ಎಂಬುದು ನಮಗೆ ಮಾತ್ರ ಗೊತ್ತು. ಮಧ್ಯದ ಒಂದು ಕಂತಿನಲ್ಲಿ ಕಿಕು ಎಂಬ ಗಣಿಕೆ ನಾವಿಕನಿಗೆ ಆಡುವ ಶೃಂಗಾರದ ಮಾತುಗಳನ್ನು ಮರಿಕೊ ಪಕ್ಕದಲ್ಲಿ ಕುಳಿತು ಅನುವಾದಿಸಬೇಕಾಗುತ್ತದೆ. ಮಾತು ಕಿಕುವಿನದು, ಕಂಠ ಮರಿಕೊಳದು. ಯಾವ ಮನಸ್ಸು ಯಾರದೆಂಬುದು ಅಲ್ಲಿದ್ದ ಮೂವರಿಗೂ ತಿಳಿದಿದೆ, ಒಬ್ಬರೂ ಬಾಯಿಬಿಟ್ಟು ಹೇಳುವಂತಿಲ್ಲ. ಆನ್ನಾ ಸವಾಯ್ ಎಂಬ ನಟಿ ಈ ದೃಶ್ಯವನ್ನು ಕಣ್ಣೆವೆ ಎತ್ತದೆ ನಿರ್ವಹಿಸಿದ್ದಾಳೆ. ಹಳೆಯ ಧಾರಾವಾಹಿಯ ವಿಧಾನದಲ್ಲಿ ಇಂಥ ದೃಶ್ಯ ಸಾಧ್ಯವೇ ಇರಲಿಲ್ಲ.

ಇನ್ನೊಂದು ಪ್ರಸಂಗ ಇದಕ್ಕಿಂತ ಕಠಿಣವಾದದ್ದು. ನಾವಿಕ ತನಗೆ ಬಂದ ಕಾಡುಕೋಳಿಯೊಂದನ್ನು ಮನೆಯ ಮುಂದೆ ತೂಗುಹಾಕಿ, ತನ್ನ ಹರಕುಮುರುಕು ಭಾಷೆಯಲ್ಲಿ, ಮುಟ್ಟಿದವರು ಸತ್ತಾರು ಎಂಬರ್ಥದ ಮಾತನ್ನು ಅಂದುಬಿಡುತ್ತಾನೆ. ಅವನಿಗೆ ಅದು ತಮಾಷೆ. ಆದರೆ ಅವನು ಆ ಮನೆಯ ಯಜಮಾನ. ಯಜಮಾನನ ಮಾತು ಆಜ್ಞೆ. ಕೊಳೆತು ನಾರುತ್ತಿದ್ದ ಹಕ್ಕಿಯನ್ನು ಊರಿನ ಹಿತಕ್ಕಾಗಿ ತೆಗೆದುಹಾಕಿದ ಮುದಿ ತೋಟಗಾರ ಪ್ರಾಣ ತೆರಬೇಕಾಗುತ್ತದೆ. ಪರಭಾಷೆಯನ್ನು ಅರೆಬರೆ ಕಲಿತು ಅಧಿಕಾರದ ಸ್ಥಾನದಲ್ಲಿ ಕುಳಿತವನ ಒಂದು ಹಗುರ ಮಾತಿಗೆ ಎಷ್ಟು ಭಾರವಿರುತ್ತದೆಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳಲಾಗದು. ಬ್ಯಾಂಕಿನ ಕಿಟಕಿಯ ಮುಂದೆ ತನ್ನ ಭಾಷೆ ಬಾರದ ಗುಮಾಸ್ತನೆದುರು ಚೀಟಿ ಹಿಡಿದು ನಿಂತ ಹಳ್ಳಿಯ ಮುದುಕನನ್ನು ಕಂಡ ಯಾವ ಕನ್ನಡಿಗನಿಗೂ ಈ ಪ್ರಸಂಗ ದೂರದ್ದೆನಿಸುವುದಿಲ್ಲ.

ದೋಷಗಳಿಲ್ಲವೆ? ಉಂಟು. ನಾವಿಕ ಮತ್ತು ಮರಿಕೊ ಪರಸ್ಪರ ಆಡುವುದು ಕಥೆಯ ಪ್ರಕಾರ ಪೋರ್ಚುಗೀಸ್ ಭಾಷೆ; ಕೇಳಿಸುವುದು ಇಂಗ್ಲಿಷ್. ಜಪಾನೀ ಭಾಷೆಗೆ ಸಲ್ಲಿಸಿದ ಮರ್ಯಾದೆ ಪಾಪ, ಪೋರ್ಚುಗೀಸಿಗೆ ಸಿಗಲಿಲ್ಲ. ನಾವಿಕನಾಗಿ ನಟಿಸಿದ ಕಾಸ್ಮೊ ಜಾರ್ವಿಸ್ ಕೆಲವು ಕಡೆ ಗುಡುಗುವುದೇ ಅಭಿನಯವೆಂದು ತಿಳಿದಂತಿದೆ. ದೊಡ್ಡ ಯುದ್ಧಕ್ಕಾಗಿ ಒಂಬತ್ತು ಕಂತು ಕಾದವರಿಗೆ ಹತ್ತನೆಯದರಲ್ಲಿ ಆ ಯುದ್ಧ ಕಾಣಿಸುವುದಿಲ್ಲವಾಗಿ ನಿರಾಶೆಯೂ ಆದೀತು. ನನಗಂತೂ ಆಗಲಿಲ್ಲ. ಯುದ್ಧವನ್ನು ಅದಾಗಲೇ ಒಬ್ಬ ಹೆಂಗಸು ಗೆದ್ದಿದ್ದಳು. ಮತ್ತೆ ಕುದುರೆ ಓಡಿಸುವ ಅಗತ್ಯವೇನು?

ಈ ಧಾರಾವಾಹಿಯ ಕೆಲವು ಕಂತುಗಳನ್ನು ನಾನು ನಮ್ಮ ದೊಡ್ಡಮ್ಮನ ಜೊತೆ ಕುಳಿತು ನೋಡಿದೆ. ತ್ರಿವೇಣಿ, ಅನಕೃ ಅವರ ಕಾದಂಬರಿಗಳನ್ನು ಬಹುಪಾಲು ಓದಿದವರು, ದಿನಪತ್ರಿಕೆಯನ್ನು ಜಾಹೀರಾತಿನವರೆಗೆ ಬಿಡದವರು. ಇಂಗ್ಲಿಷ್ ಮಾತ್ರ ಓದಲಾರರು. ನಮ್ಮ ಮನೆಯ ತೆರೆಯ ಮೇಲೆ ಬರುತ್ತಿದ್ದ ಅಡಿಬರಹ ಇಂಗ್ಲಿಷಿನದು. ಆದ್ದರಿಂದ ನಾನೇ ದುಭಾಷಿಯಾದೆ. ಅರ್ಧ ಗಂಟೆಯಾಗುವಷ್ಟರಲ್ಲಿ ಅವರು, "ಅಲ್ವೋ, ಆ ಯಜಮಾನ ಅಷ್ಟು ಹೊತ್ತು ಮಾತಾಡಿದ, ನೀನು ಹೇಳಿದ್ದು ಇಷ್ಟೇನಾ?" ಎಂದು ತಡೆದು ಕೇಳಿದರು. ದುಭಾಷಿಗಳ ಪಾಡೇ ಇದು. ಹಿಂದಿನ ಮಾತನ್ನು ಒಪ್ಪಿಸುವಷ್ಟರಲ್ಲಿ ಮುಂದಿನದು ಹರಿದುಹೋಗಿರುತ್ತದೆ. ಮರಿಕೊಳನ್ನು ಕುರಿತು ಅವರೊಂದು ಮಾತು ಹೇಳಿದರು: "ಪಾಪ, ಆ ಹುಡುಗೀಗೆ ತನ್ನ ಮಾತು ಆಡೋಕೆ ಪುರುಸೊತ್ತೇ ಇಲ್ಲ ನೋಡು. ಅವರಿವರ ಮಾತು ಹೊತ್ತು ಹಾಕೋದೇ ಆಯ್ತು."

ಈ ಧಾರಾವಾಹಿಯನ್ನು ಕುರಿತು ನಾನು ಓದಿದ ಯಾವ ವಿಮರ್ಶೆಯಲ್ಲಿಯೂ ಇಷ್ಟು ನೇರವಾದ ಮಾತು ಕಾಣಲಿಲ್ಲ. ಒಂಬತ್ತನೆಯ ಕಂತಿನಲ್ಲಿ ಮರಿಕೊ ಓಸಾಕಾದ ಕೋಟೆಯಲ್ಲಿ ಶತ್ರುಗಳ ಸಭೆಯ ಎದುರು ನಿಂತು, ತಾನು ಇಲ್ಲಿಂದ ಹೊರಡುತ್ತೇನೆ, ತಡೆದರೆ ಪ್ರಾಣ ಬಿಡುತ್ತೇನೆ ಎಂದು ಸಾರುತ್ತಾಳೆ. ಅಲ್ಲಿಯವರೆಗೆ ಬೇರೆಯವರ ಮಾತನ್ನು ಹೊತ್ತವಳು ಅಲ್ಲಿ ತನ್ನ ಮಾತನ್ನು, ತನ್ನ ನುಡಿಯಲ್ಲಿ, ಯಾರ ಅನುವಾದವೂ ಬೇಕಿಲ್ಲದಂತೆ ಆಡುತ್ತಾಳೆ. ಕಥೆಯ ತುದಿ ಅದು. ಹೊಸ 'ಶೋಗನ್' ಏಕೆ ಮಾಡಬೇಕಾಗಿತ್ತು ಎಂಬುದಕ್ಕೆ ಸಮಾಧಾನವೂ ಅದೇ.

ಇನ್ನು ನಮ್ಮ ಚಿತ್ರಗಳ ಕಡೆಗೆ ಬರೋಣ. ಕನ್ನಡ ಚಿತ್ರಗಳಲ್ಲಿ ಬಹಳ ಕಾಲ ಒಂದು ವಾಡಿಕೆ ನಡೆದುಬಂತು. ನಾಯಕ ನಾಯಿಕೆಯರು ಮೈಸೂರು ಬೆಂಗಳೂರು ಕಡೆಯ ತಿದ್ದಿದ ಕನ್ನಡ ಆಡಬೇಕು. ಧಾರವಾಡದ ಮಾತಾಗಲಿ, ಮಂಗಳೂರಿನ ಮಾತಾಗಲಿ ಬಂದರೆ ಅದು ಹಾಸ್ಯಗಾರನ ಪಾಲಿಗೆ. ಮಂಗಳೂರಿನವನು ತೆರೆಯ ಮೇಲೆ "ಎಂತ ಮಾರಾಯ" ಅಂದೊಡನೆ ಬೆಂಗಳೂರಿನ ಚಿತ್ರಮಂದಿರ ನಗುತ್ತಿತ್ತು. ಅವನು ಏನು ಹೇಳಿದನೆಂಬುದು ಮುಖ್ಯವಾಗಿರಲಿಲ್ಲ. ಹಳೆಯ 'ಶೋಗನ್' ಜಪಾನೀಯರಿಗೆ ಮಾಡಿದ್ದನ್ನು ನಾವು ನಮ್ಮವರಿಗೇ ಮಾಡುತ್ತಿದ್ದೆವು. ನಾಗಾಭರಣರ 'ನಾಗಮಂಡಲ' (1997), ರಕ್ಷಿತ್ ಶೆಟ್ಟಿಯವರ 'ಉಳಿದವರು ಕಂಡಂತೆ' (2014), ಮಂಡ್ಯದ ಹಳ್ಳಿಯ ಜನರನ್ನೇ ನಟರಾಗಿ ನಿಲ್ಲಿಸಿದ ರಾಮ್ ರೆಡ್ಡಿಯವರ 'ತಿಥಿ' ಇವೆಲ್ಲ ಬೇರೆ ಬೇರೆ ರೀತಿಯಲ್ಲಿ ಆ ವಾಡಿಕೆಯನ್ನು ಮುರಿದವು. ಈಚಿನ ಮೂರು ಚಿತ್ರಗಳಲ್ಲಿ ಆ ಕೆಲಸ ಎಲ್ಲಿಗೆ ಬಂದು ನಿಂತಿದೆಯೆಂದು ನೋಡಬಹುದು.

ಮೊದಲನೆಯದು ಶಶಾಂಕ್ ಸೋಗಾಲ್ ನಿರ್ದೇಶನದ 'ಡೇರ್‌ಡೆವಿಲ್ ಮುಸ್ತಾಫಾ' (2023). ಪೂರ್ಣಚಂದ್ರ ತೇಜಸ್ವಿಯವರ ಕಥೆಗಳಿಗೆ ತೆರೆ ಹೊಸದಲ್ಲ. 'ಅಬಚೂರಿನ ಪೋಸ್ಟಾಫೀಸು', 'ತಬರನ ಕಥೆ', 'ಕಿರಗೂರಿನ ಗಯ್ಯಾಳಿಗಳು' ಹಿಂದೆಯೇ ಚಿತ್ರಗಳಾಗಿವೆ. ಈ ಸಲದ ವಿಶೇಷವೆಂದರೆ ತೇಜಸ್ವಿಯವರ ಓದುಗರೇ ತಮ್ಮ ಕೈಯಿಂದ ಹಣ ಹಾಕಿ ಚಿತ್ರ ಮಾಡಿಸಿದ್ದು. ಓದುಗರು ನಿರ್ಮಾಪಕರಾಗುವುದು ಕನ್ನಡದಲ್ಲಿ ನಡೆಯಿತೆಂಬುದು ಸಾಮಾನ್ಯ ಸಂಗತಿಯಲ್ಲ. ಅಬಚೂರಿನ ಕಾಲೇಜಿಗೆ ಒಬ್ಬ ಮುಸಲ್ಮಾನ ಹುಡುಗ ಸೇರುತ್ತಾನೆ. ಅವನು ಬಾಯಿಬಿಡುವ ಮೊದಲೇ ಉಳಿದ ಹುಡುಗರು ಅವನ ವಿಷಯವನ್ನೆಲ್ಲ 'ಕೇಳಿ' ತಿಳಿದಿದ್ದಾರೆ. ಅವರಿವರಿಂದ ಕೇಳಿದ್ದಕ್ಕೂ ಅವನನ್ನೇ ಕೇಳುವುದಕ್ಕೂ ಇರುವ ಅಂತರವೇ ಕಥೆ. ತೇಜಸ್ವಿಯವರು ಇದನ್ನು ನಗುನಗುತ್ತ ಬರೆದರು. ಚಿತ್ರ ಮಾಡಿದ ಹುಡುಗರೂ ನಗುವನ್ನು ಕೈಬಿಡಲಿಲ್ಲ, ಉಪದೇಶಕ್ಕೆ ಇಳಿಯಲಿಲ್ಲ. ಕೆಲವೇ ಪುಟಗಳ ಕಥೆಯನ್ನು ಪೂರ್ಣಾವಧಿಯ ಚಿತ್ರವಾಗಿ ಹಿಗ್ಗಿಸುವಾಗ ಕ್ರಿಕೆಟ್ಟು ಅತಿಯಾಗಿದೆ, ಪ್ರಣಯದ ಭಾಗ ತೆಳುವಾಗಿದೆ. ಆದರೂ ಮೂಲದ ಮನಸ್ಸನ್ನು ಅರಿತು ಮಾಡಿದ ರೂಪಾಂತರ ಇದು. ಮಾತಿಗಿಂತ ಮುಂಚೆ ಬಂದು ಕುಳಿತ ಗಾಳಿಮಾತಿನ ಈ ಕಾಲದಲ್ಲಿ ಇಂಥ ಚಿತ್ರ ಬಂದದ್ದು ಒಳ್ಳೆಯದಾಯಿತು.

ಎರಡನೆಯದು 2025ರ ಜುಲೈನಲ್ಲಿ ಬಂದ ಜೆ.ಪಿ.ತುಮಿನಾಡ್ ಅವರ 'ಸು ಫ್ರಂ ಸೋ'. ಕರಾವಳಿಯ ಒಂದು ಹಳ್ಳಿ. ಅಶೋಕನೆಂಬ ಹುಡುಗನಿಗೆ ಸೋಮೇಶ್ವರದ ಸುಲೋಚನಾ ಎಂಬ ಹೆಂಗಸಿನ ಪ್ರೇತ ಹಿಡಿದಿದೆಯೆಂದು ಊರು ನಂಬುತ್ತದೆ. ಹಿಡಿದಿಲ್ಲವೆಂಬುದು ಅವನಿಗೆ ಗೊತ್ತು, ನಮಗೆ ಗೊತ್ತು. ಊರಿಗೆ ಮಾತ್ರ ಬೇಡ. ಆ ಊರಿನವರು ಆಡುವ ದಕ್ಷಿಣ ಕನ್ನಡದ ಮಾತಿಗೆ ಚಿತ್ರ ಎಲ್ಲಿಯೂ ಕ್ಷಮೆ ಕೇಳುವುದಿಲ್ಲ, ಅದನ್ನು ವಿವರಿಸುವುದೂ ಇಲ್ಲ. ಬೆಂಗಳೂರಿನ ಪ್ರೇಕ್ಷಕ ನಗುತ್ತಾನೆ. ಈಗ ಅವನು ನಗುವುದು ಮಾತಿನ ಧಾಟಿಗಲ್ಲ, ಮಾತಿನ ಒಳಗಿರುವ ಚೇಷ್ಟೆಗೆ. ಇದು ಸಣ್ಣ ಬದಲಾವಣೆಯಲ್ಲ.

ಈ ಚಿತ್ರದ ಗಂಭೀರವಾದ ಅಂಶ ಉತ್ತರಾರ್ಧದಲ್ಲಿದೆ. ಸತ್ತ ಸುಲೋಚನಾಳ ಮಗಳು ಭಾನು ಬದುಕಿದ್ದಾಳೆ, ಮನೆಯೊಳಗೆ ಸಂಕಟಪಡುತ್ತಿದ್ದಾಳೆ. ಇಲ್ಲದ ಪ್ರೇತದ ಮಾತನ್ನು ಕೈಕಟ್ಟಿ ಕೇಳುವ ಜನ, ಇರುವ ಹೆಂಗಸಿನ ಮಾತನ್ನು ಕೇಳುವವರಲ್ಲ. ಅವಳ ಗೋಳು ಕಿವಿಗೆ ಬೀಳಬೇಕಾದರೆ ಗಂಡಸೊಬ್ಬ ಅವಳ ತಾಯಿಯ ಪ್ರೇತವಾಗಿ ಅದನ್ನು ಆಡಬೇಕು! ನಗಿಸುತ್ತ ನಗಿಸುತ್ತ ಚಿತ್ರ ನಮ್ಮನ್ನು ಈ ಜಾಗಕ್ಕೆ ತಂದು ನಿಲ್ಲಿಸಿದಾಗ ಒಂದು ಕ್ಷಣ ನಗು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಆದರೆ ಒಂದು ಆಕ್ಷೇಪಣೆಯನ್ನು ಹೇಳಲೇಬೇಕು. ಹೆಂಗಸಿನ ಮಾತನ್ನು ಊರು ಕೇಳುವುದಿಲ್ಲವೆಂದು ಹೇಳುವ ಚಿತ್ರವೂ ಹೆಂಗಸರಿಗೆ ಆಡಲು ಬಹಳ ಮಾತು ಕೊಟ್ಟಿಲ್ಲ. ಭಾನುವಾಗಿ ನಟಿಸಿದ ಸಂಧ್ಯಾ ಅರಕೆರೆ ಸಿಕ್ಕ ಸ್ವಲ್ಪ ಅವಕಾಶದಲ್ಲಿಯೇ ಅಷ್ಟು ಮಾಡಿರುವಾಗ, ಇನ್ನೂ ಎರಡು ದೃಶ್ಯ ಅವಳಿಗೆ ದೊರೆತಿದ್ದರೆ ಚಿತ್ರ ಕೆಡುತ್ತಿರಲಿಲ್ಲ.

ಮೂರನೆಯದು ಎಲ್ಲರೂ ನೋಡಿದ, ಎಲ್ಲರೂ ಮಾತಾಡಿದ 'ಕಾಂತಾರ' (2022). ರಿಷಬ್ ಶೆಟ್ಟಿಯವರು ತಮ್ಮ ಕುಂದಾಪುರ ಸೀಮೆಯ ಮಾತನ್ನು ಕಥಾನಾಯಕನ ಬಾಯಲ್ಲಿ ಇಟ್ಟು, ಆ ಮಾತಿನಿಂದಲೇ ಅವನಿಗೆ ಎತ್ತರ ತಂದುಕೊಟ್ಟರು. ನಾಯಕಿಯನ್ನು ಚಿವುಟುವ, ಚುಡಾಯಿಸುವ ದೃಶ್ಯಗಳು ಇಷ್ಟು ಒಳ್ಳೆಯ ಚಿತ್ರಕ್ಕೆ ತಕ್ಕವಲ್ಲ; ಅವನ್ನು ಸಂಪ್ರದಾಯದ ಹೆಸರಿನಲ್ಲಿ ಸಮರ್ಥಿಸುವುದೂ ತರವಲ್ಲ. ಆದರೆ ಕೊನೆಯ ಹದಿನೈದಿಪ್ಪತ್ತು ನಿಮಿಷಗಳ ಮುಂದೆ ಈ ಆಕ್ಷೇಪಣೆಗಳು ಹಿಂದೆ ಸರಿಯುತ್ತವೆ. ದೈವ ಮೈಮೇಲೆ ಬಂದ ಶಿವ ಊರಿನವರ ಕೈಯನ್ನೂ ಅರಣ್ಯಾಧಿಕಾರಿಯ ಕೈಯನ್ನೂ ಹಿಡಿದು ತನ್ನ ಎದೆಗೆ ಒತ್ತಿಕೊಳ್ಳುತ್ತಾನೆ. ಒಂದು ಮಾತೂ ಇಲ್ಲ. ಸರಕಾರದ ಭಾಷೆಯೂ ಕಾಡಿನ ಭಾಷೆಯೂ ಇಡೀ ಚಿತ್ರದಲ್ಲಿ ಒಂದಕ್ಕೊಂದು ಅರ್ಥವಾಗದೆ ಹೊಡೆದಾಡಿದ ಮೇಲೆ ಬರುವ ಆ ಮೌನ ನೂರು ಸಂಭಾಷಣೆಗೆ ಸಮ.

'ಕಾಂತಾರ' ಹಿಂದಿಗೆ, ತೆಲುಗಿಗೆ, ತಮಿಳಿಗೆ, ಮಲಯಾಳಕ್ಕೆ ಹೋಯಿತು. ಆ ವರ್ಷದ ಡಿಸೆಂಬರಿನಲ್ಲಿ ತುಳುವಿಗೂ ಬಂತು. ಭೂತಾರಾಧನೆಯ ನುಡಿಯಾದ ತುಳು ಸರದಿಯಲ್ಲಿ ಕೊನೆಗೆ ನಿಂತದ್ದು ಸ್ವಲ್ಪ ಯೋಚಿಸಬೇಕಾದ ವಿಷಯ. ನಾನು ಅದರ ಹಿಂದೀ ರೂಪವನ್ನೂ ನೋಡಿದೆ. ಕಾಡು ಅದೇ, ಕಂಬಳ ಅದೇ, ಆ ಕೂಗೂ ಅದೇ. ಆದರೆ ಕುಂದಾಪುರದ ಮಾತಿನಲ್ಲಿದ್ದ ಒರಟು ಪ್ರೀತಿ, ಧಣಿಯ ಮಾತಿನಲ್ಲಿದ್ದ ಜೇನು ಲೇಪಿಸಿದ ಜಾತಿ ಅಹಂಕಾರ, ಇವು ದಾರಿಯಲ್ಲಿ ಎಲ್ಲಿಯೋ ಬಿದ್ದುಹೋಗಿದ್ದವು. ಉಳಿದದ್ದು ಅದ್ಭುತ ದೃಶ್ಯ. 2025ರ ಅಕ್ಟೋಬರಿನಲ್ಲಿ ಇದರ ಹಿಂದಿನ ಕಥೆಯಾಗಿ ಬಂದ 'ಕಾಂತಾರ: ಚಾಪ್ಟರ್ 1' ಮೊದಲಿನಿಂದಲೇ ಹಲವು ಭಾಷೆಗಳಿಗಾಗಿ ಸಿದ್ಧವಾದ ಚಿತ್ರ. ಅದರ ವೈಭವಕ್ಕೆ, ಶ್ರಮಕ್ಕೆ, ರಿಷಬ್ ಶೆಟ್ಟಿಯವರ ಮೈಮರೆತ ಅಭಿನಯಕ್ಕೆ ತಲೆದೂಗಬೇಕು. ಆದರೆ ಎಲ್ಲ ಭಾಷೆಯವರಿಗೂ ಒಂದೇ ಸಲಕ್ಕೆ ಒಪ್ಪಿಸಲು ಹೊರಟ ಮಾತು ಯಾವ ಊರಿನದೂ ಆಗಿ ಕೇಳಿಸುವುದಿಲ್ಲ. ಮೊದಲ ಚಿತ್ರದಲ್ಲಿ ಕೆರಾಡಿಯ ಅಂಗಳದಲ್ಲಿ ಕುಳಿತಂತಿದ್ದ ನನಗೆ, ಎರಡನೆಯದರಲ್ಲಿ ಬಹು ದೊಡ್ಡ ಸಭಾಂಗಣದ ಹಿಂದಿನ ಸಾಲಿನಲ್ಲಿ ಕುಳಿತಂತಾಯಿತು.

ಇಲ್ಲಿ ಹಳೆಯದೊಂದು ಜಗಳವನ್ನು ನೆನೆಯಬೇಕಾಗುತ್ತದೆ. ಕನ್ನಡ ಚಿತ್ರಗಳು ಹೆಚ್ಚಾಗಿ ಮದರಾಸಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದ ಕಾಲದಲ್ಲಿ, ಪರಭಾಷೆಯ ಚಿತ್ರಗಳಿಗೆ ಕನ್ನಡದ ಮಾತು ಅಂಟಿಸುವುದನ್ನು ಅನಕೃ ಮೊದಲಾದವರು ವಿರೋಧಿಸಿದರು. ಆ ಭಯ ನ್ಯಾಯವಾದದ್ದೇ. ಇನ್ನೂ ತವಳುತ್ತಿದ್ದ ಚಿತ್ರೋದ್ಯಮ ಅಗ್ಗದ ಡಬ್ಬಿಂಗಿನ ಎದುರು ನಿಲ್ಲಲಾರದಿತ್ತು. ಅಂದಿನಿಂದ ಕಾನೂನಿಲ್ಲದೆಯೇ ನಡೆದುಬಂದ ಆ ನಿಷೇಧ, ಸ್ಪರ್ಧಾ ಆಯೋಗ 2015ರಲ್ಲಿ ಕೊಟ್ಟ ತೀರ್ಪಿನ ನಂತರ ಸಡಿಲವಾಯಿತು. ಈಗ ನಾವು ಡಬ್ಬಿಂಗನ್ನು ತರಿಸಿಕೊಳ್ಳುವವರೂ ಹೌದು, ಕಳುಹಿಸುವವರೂ ಹೌದು. ಪರಭಾಷೆಯ ನಾಯಕ ಕನ್ನಡ ಮಾತಾಡಿದರೆ ಕೃತಕವೆನ್ನುವ ನಾವು, ನಮ್ಮ ಶಿವ ಹಿಂದಿ ಮಾತಾಡಿ ಗಳಿಸಿದ ಕೋಟಿಗಳನ್ನು ಕಂಡು ಹೆಮ್ಮೆಪಡುತ್ತೇವೆ. ಎರಡನ್ನೂ ಒಟ್ಟಿಗೆ ನಂಬುವುದು ಕಷ್ಟ.

ಡಬ್ಬಿಂಗ್ ಬೇಕೆ ಬೇಡವೆ ಎಂಬ ವಾದದಲ್ಲಿ ನಾವು ಮೂರನೆಯದೊಂದು ದಾರಿಯನ್ನು ಮರೆತೆವು. ಅದು ಕನ್ನಡದ ಅಡಿಬರಹ. ಪರಭಾಷೆಯವನ ದನಿ ಅವನಲ್ಲಿಯೇ ಉಳಿಯುತ್ತದೆ. ಅರ್ಥ ಮಾತ್ರ ನಮಗೆ ಬರುತ್ತದೆ. ಸನಾದಾನ ಗಂಟಲನ್ನು ಕಿತ್ತು ಬೆಂಗಳೂರಿನ ಕಂಠದಾನ ಕಲಾವಿದನ ಗಂಟಲನ್ನು ಇಡಬೇಕಾಗಿಲ್ಲ. ನಮ್ಮ ದೊಡ್ಡಮ್ಮನಂಥವರು ಮನೆಯ ಹುಡುಗರ ಪುರುಸೊತ್ತನ್ನು ಕಾಯಬೇಕಾಗಿಯೂ ಇಲ್ಲ. ಕಾದಂಬರಿಯನ್ನು ಸರಾಗವಾಗಿ ಓದುವ ಲಕ್ಷಾಂತರ ಜನ ಕನ್ನಡದಲ್ಲಿದ್ದಾರೆ. ತೆರೆಯ ಕೆಳಗಿನ ಒಂದು ಸಾಲನ್ನು ಅವರು ಓದಲಾರರೆಂದು ತೀರ್ಮಾನಿಸಿದವರು ಯಾರು? ಜಪಾನಿನ ಧಾರಾವಾಹಿಯನ್ನಾಗಲಿ, ಪಕ್ಕದ ಮಲಯಾಳದ ಚಿತ್ರವನ್ನಾಗಲಿ ಕನ್ನಡಿಗ ಇಂಗ್ಲಿಷ್ ಅಕ್ಷರದ ಮೂಲಕವೇ ಓದಬೇಕಾಗಿ ಬರುವುದು ಎಲ್ಲಿಯ ನ್ಯಾಯ?

ಬಿ.ಎಂ.ಶ್ರೀಯವರ ಕಾಲದಿಂದ ನಮ್ಮಲ್ಲಿ ಒಳ್ಳೆಯ ಅನುವಾದಕರಿಗೆ ಕೊರತೆಯಿಲ್ಲ. ಅವರಲ್ಲಿ ಕೆಲವರನ್ನಾದರೂ ಈ ಕೆಲಸಕ್ಕೆ ಹಚ್ಚಿ, ಪುಸ್ತಕದ ಅನುವಾದಕ್ಕೆ ಸಲ್ಲುವ ಗೌರವವನ್ನೂ ಸಂಭಾವನೆಯನ್ನೂ ಕೊಟ್ಟರೆ, ಹೊರಗಿನ ಒಳ್ಳೆಯ ಚಿತ್ರಗಳು ತಮ್ಮ ದನಿಯೊಡನೆಯೇ ಕನ್ನಡದ ಮನೆಗೆ ಬಂದಾವು. ಕುಂದಾಪುರದ ಮಾತು ದೆಹಲಿಯಲ್ಲಿಯೂ ಕುಂದಾಪುರದ ಮಾತಾಗಿಯೇ ಕೇಳಿಸಬೇಕೆಂದು ಅಪೇಕ್ಷಿಸುವ ನಾವು, ಬಂದವರ ಮಾತನ್ನೂ ಅವರ ಬಾಯಿಂದಲೇ ಕೇಳಲು ಸಿದ್ಧರಾಗಬೇಕು. ನಮ್ಮ ಚಿತ್ರನಿರ್ಮಾಪಕರೂ ಟೆಲಿವಿಷನ್ ಸಂಸ್ಥೆಗಳವರೂ ಇದನ್ನು ಒಂದು ವರ್ಷದ ಮಟ್ಟಿಗಾದರೂ ಪ್ರಯೋಗ ಮಾಡಿ ನೋಡಲಿ. ಖರ್ಚು ಹೆಚ್ಚಲ್ಲ, ನಷ್ಟವಾದರೆ ಆ ಸಾಲುಗಳನ್ನು ತೆಗೆದುಹಾಕುವುದಕ್ಕೆ ಒಂದು ಗುಂಡಿ ಒತ್ತಿದರೆ ಸಾಕು.